ಇಪ್ಪತ್ತಕ್ಕೆ ಹದಿನೇಳು

ಬೆಳಗಿನ ಐದೂ ಮುಕ್ಕಾಲು. ಮೂರನೇ ಮಹಡಿಯ ಕೊನೆಯ ಮನೆಯ ಮುಂದೆ ಐವತ್ತಾರು ವರ್ಷದ ಹೆಂಗಸೊಬ್ಬರು ಏದುಸಿರು ಬಿಡುತ್ತ ನಿಂತಿದ್ದಾರೆ. ಹೆಗಲಲ್ಲಿ ಕಂದು ಚೀಲ, ಕೈಯಲ್ಲಿ ರಟ್ಟಿನ ಫೈಲು, ಬಲ ಮಂಡಿಗೆ ಸುತ್ತಿದ ಪಟ್ಟಿ. ಬಾಗಿಲು ತಟ್ಟುತ್ತಾರೆ. ಒಳಗೆ ಕುರ್ಚಿ ಎಳೆದ ಸದ್ದು, ಏನೋ ಬಿದ್ದ ಸದ್ದು, "ಏಳೇ, ಏಳೇ, ಯಾರೋ ಬಂದ್ರು" ಎಂಬ ಪಿಸುಮಾತು. ಬಾಗಿಲು ನಾಲ್ಕು ಬೆರಳಷ್ಟು ತೆರೆದು, ಎಂಬತ್ತು ದಾಟಿದ ಮುದುಕರೊಬ್ಬರ ಮುಖ ಕಾಣುತ್ತದೆ. ಅವರ ಎಡ ಮುಂಗೈಗೆ ಬಟ್ಟೆಯ ಉದ್ದನೆಯ ಪಟ್ಟಿಯೊಂದನ್ನು ಕಟ್ಟಿದೆ. ಗಂಟು ಬಿಚ್ಚಲು ಹಲ್ಲನ್ನೂ ಬಳಸಿ ಹೆಣಗುತ್ತಿದ್ದಾರೆ, ಅದು ಬಿಚ್ಚಿಕೊಳ್ಳುತ್ತಿಲ್ಲ.

ಪಟ್ಟಿ ನೆಲದ ಮೇಲೆ ಹಾದು ಒಳಕೋಣೆಗೆ ಹೋಗಿದೆ. ಅದರ ಇನ್ನೊಂದು ತುದಿ ಮಂಚದ ಮೇಲೆ ಕುಳಿತಿರುವ ಅವರ ಹೆಂಡತಿಯ ಕೈಗೆ ಕಟ್ಟಿದೆ.

ಹೊಸ್ತಿಲಲ್ಲಿ ನಿಂತವರು ಆ ಪಟ್ಟಿಯನ್ನೇ ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಾರೆ. "ಮನುಷ್ಯರನ್ನ ಮನುಷ್ಯರಿಗೇ ಕಟ್ಟಿ ಹಾಕಿದ್ದನ್ನ ನಾನು ಅಲ್ಲೀವರೆಗೂ ನೋಡಿರಲಿಲ್ಲ. ಮೊದಲು ಅನಿಸಿದ್ದು, ಪೊಲೀಸರಿಗೆ ಫೋನ್ ಮಾಡಬೇಕು ಅಂತ. ಆಮೇಲೆ ಕೈಯಲ್ಲಿದ್ದ ಫೈಲು ತೆರೆದೆ. ಮೇಲುಗಡೆನೇ ಹಳೇ ವರದಿ ಇತ್ತು. 'ಸಹಾಯದ ಅಗತ್ಯ ಕಂಡುಬರುವುದಿಲ್ಲ' ಅಂತ. ಅಕ್ಷರ ನಂದೇ."

ಹೀಗೆ ಹೇಳುವ ಇವರು ಮಾಜಿ ಸೈನಿಕರ ಕುಟುಂಬಗಳ ಕಲ್ಯಾಣ ಕಚೇರಿಯಲ್ಲಿ ಮನೆ ಭೇಟಿಯ ಸಹಾಯಕಿ. ಕಚೇರಿಯ ಗೋಡೆಯ ಸಿಬ್ಬಂದಿ ಹಲಗೆಯಲ್ಲಿ ಹದಿನಾಲ್ಕು ಜನರ ಹೆಸರಿದೆ, ಇವರದ್ದಿಲ್ಲ. ಬಸ್ ಕಂಡಕ್ಟರಿನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರಿಗೂ ಇವರು 'ಆರು ಗಂಟೆ ಅಕ್ಕ'. ಆ ಹೆಸರು ಬಂದಿದ್ದೇ ಮೇಲೆ ಹೇಳಿದ ಬೆಳಗಿನ ನಂತರ. ಅದಕ್ಕೂ ಮುಂಚೆ ಅಕ್ಕ ಎಲ್ಲರಂತೆ ಹತ್ತು ಗಂಟೆಗೆ, ತಲೆ ಬಾಚಿ, ಪೆನ್ನು ಸಿಕ್ಕಿಸಿಕೊಂಡು ಹೋಗುತ್ತಿದ್ದವರು.

ಸೈನ್ಯದಲ್ಲಿ ದುಡಿದು ಬಂದವರ ಗಂಡನಿಗೋ ಹೆಂಡತಿಗೋ ಮರೆವಿನ ಕಾಯಿಲೆ ಬಂದರೆ, ದಿನಕ್ಕೆ ಆರು ಗಂಟೆ ನೋಡಿಕೊಳ್ಳುವವರ ಸಂಬಳವನ್ನು ಈ ಕಚೇರಿ ಭರಿಸುತ್ತದೆ. ಹಾಗಂತ ಕೇಳಿದವರಿಗೆಲ್ಲ ಕೊಡುವುದಿಲ್ಲ. ಮನೆಗೊಬ್ಬರು ಹೋಗಿ ಇಪ್ಪತ್ತು ಪ್ರಶ್ನೆ ಕೇಳಬೇಕು. ಇವತ್ತು ಯಾವ ವಾರ, ಈ ಮನೆ ಯಾವ ಮಹಡಿಯಲ್ಲಿದೆ, ಮಕ್ಕಳೆಷ್ಟು, ನೂರರಲ್ಲಿ ಏಳು ಕಳೆದರೆ ಎಷ್ಟು, ಇಂಥವು. ಹನ್ನೆರಡಕ್ಕಿಂತ ಹೆಚ್ಚು ಸರಿಯುತ್ತರ ಬಂದರೆ ಕಾಯಿಲೆ ಅಷ್ಟಿಲ್ಲವೆಂದು ಅರ್ಥ, ನೆರವಿಲ್ಲ. ಎರಡು ವರ್ಷ ಬಿಟ್ಟು ಇನ್ನೊಂದೇ ಒಂದು ಸಲ ಅರ್ಜಿ ಹಾಕಬಹುದು. ಆಗಲೂ ಇಲ್ಲವೆಂದರೆ ಅಲ್ಲಿಗೆ ಮುಗಿಯಿತು. ಭೇಟಿಯ ದಿನ, ಗಂಟೆ, ಕೇಳುವ ಪ್ರಶ್ನೆಗಳನ್ನೂ ತಿಳಿಸಿ ಎಂಟು ದಿನ ಮೊದಲೇ ಮನೆಗೆ ಕಾಗದ ಹೋಗುತ್ತದೆ.

ಅಕ್ಕ ಈ ಕೆಲಸವನ್ನು ಬಯಸಿ ಬಂದವರಲ್ಲ. ಮೂವತ್ತನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು, ಇದೇ ಕಚೇರಿಯಲ್ಲಿ ಟೈಪು ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದರು. ಕಂಪ್ಯೂಟರ್ ಬಂದು ಟೈಪಿಂಗ್ ಮೂಲೆ ಸೇರಿದಾಗ, ಹೇಗೂ ಕಾಲು ಗಟ್ಟಿಯಿದೆಯಲ್ಲ ಎಂದು ಇವರನ್ನು ಹೊರಗೆ ಓಡಾಡುವ ಕೆಲಸಕ್ಕೆ ಹಾಕಿದರು. "ಮೊದಲು ಬೆರಳು ಸವೀತಿತ್ತು, ಈಗ ಮಂಡಿ. ಸಂಬಳ ಅಷ್ಟೇ, ನೋವು ಮಾತ್ರ ಜಾಗ ಬದಲಾಯಿಸ್ತು" ಎಂದು ನಗುತ್ತಾರೆ. ದಿನಕ್ಕೆ ಐದು ಮನೆ, ಎರಡು ಬಸ್ಸು, ಹತ್ತಿಳಿಯಲು ನಾನೂರರ ಹತ್ತಿರ ಮೆಟ್ಟಿಲು. ಚೀಲದಲ್ಲಿ ನೀರಿನ ಬಾಟಲಿ ಇರುತ್ತದೆ, ಆದರೆ ಸಂಜೆಯವರೆಗೂ ಅದರ ಮುಚ್ಚಳ ತೆಗೆಯುವುದಿಲ್ಲ. "ಕುಡಿದ್ರೆ ಬಾತ್‌ರೂಮ್ ಎಲ್ಲಿ ಹುಡುಕಲಿ? ಬಾಟಲಿ ಬರೀ ಶೋಕಿಗೆ."

ಆ ಬೆಳಿಗ್ಗೆ ಅವರು ಅಷ್ಟು ಬೇಗ ಹೋದದ್ದು ಅಕಸ್ಮಾತ್ತಾಗಿ. ಕಾಗದ ಕಳಿಸಬೇಕಾದ ಗುಮಾಸ್ತ ರಜೆಯಲ್ಲಿದ್ದ. ಅಂದು ಬೆಳಿಗ್ಗೆ ಏಳೂವರೆಗೇ ಕಚೇರಿಯಲ್ಲಿ ಸಭೆಯಿತ್ತು. ದಾರಿಯಲ್ಲೇ ಇರುವ ಮನೆ, ಮುಗಿಸಿಕೊಂಡೇ ಹೋಗೋಣ ಎಂದು ಫೈಲನ್ನು ಬಿಚ್ಚಿಯೂ ನೋಡದೆ ಹೊರಟಿದ್ದರು. ಆ ಮನೆಯ ಯಜಮಾನರನ್ನು ಬೀದಿಯವರೆಲ್ಲ 'ಮಿಲ್ಟ್ರಿ ತಾತ' ಎನ್ನುತ್ತಾರೆ. ಎರಡು ವರ್ಷದ ಹಿಂದೆ, ಅವರ ಮೊದಲ ಅರ್ಜಿಗೆ ಹೋದಾಗ ನೆಲ ಕನ್ನಡಿಯಂತಿತ್ತು, ಅಜ್ಜಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬೆನ್ನು ನೇರ ಮಾಡಿ ಕುಳಿತಿದ್ದರು. ಕೇಳಿದ್ದಕ್ಕೆಲ್ಲ ಪಟಪಟ ಉತ್ತರ. ಇಪ್ಪತ್ತಕ್ಕೆ ಹದಿನೇಳು.

ಈ ಸಲ ತೊಳೆಯಲು, ಒರೆಸಲು ತಾತನಿಗೆ ಸಮಯ ಸಿಕ್ಕಿರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿ, ಅದರ ಮೇಲೆ ದಿಂಬು. ಅವರು ಮಲಗುವುದು ಅದರಲ್ಲೇ, ಕೂತುಕೊಂಡೇ. ಅಜ್ಜಿ ಮೂರು ಸಲ ಮನೆ ಬಿಟ್ಟು ಹೋಗಿ, ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ ಮೇಲೆ ಕೈಗೆ ಪಟ್ಟಿ ಬಂದಿತ್ತು. ಗ್ಯಾಸ್ ಒಲೆಯ ತಿರುಪುಗಳು ಒಲೆಯಲ್ಲಿರಲಿಲ್ಲ, ತಾತನ ಅಂಗಿಯ ಜೇಬಿನಲ್ಲಿದ್ದವು. ಹೊಟ್ಟೆಯ ಹರ್ನಿಯಾ ಕೈಯಿಂದ ಒತ್ತಿ ಹಿಡಿದೇ ಓಡಾಡುತ್ತಿದ್ದರು. ಆಪರೇಶನ್ ಆಗಲೇಬೇಕೆಂದು ಡಾಕ್ಟರು ಹೇಳಿ ವರ್ಷ ದಾಟಿತ್ತು. ತಾನು ಆಸ್ಪತ್ರೆಯಲ್ಲಿ ಮಲಗಿದರೆ ಪಟ್ಟಿಯ ಈ ತುದಿ ಹಿಡಿಯುವವರು ಯಾರು? ದೂರದಲ್ಲಿರುವ ಹೆಣ್ಣುಮಕ್ಕಳಿಗೆ ಫೋನಿನಲ್ಲಿ ಹೇಳುವುದು ಒಂದೇ ಮಾತು, ಎಲ್ಲಾ ಆರಾಮ.

ಅಕ್ಕನ ಕಣ್ಣು ಗೋಡೆಯ ಮೇಲೆ ಬಿತ್ತು. ಮಂಚದ ಎದುರಿಗೆ, ಅಜ್ಜಿಗೆ ಕಾಣುವಷ್ಟು ಎತ್ತರದಲ್ಲಿ, ದಪ್ಪ ಅಕ್ಷರದ ಹಾಳೆಗಳನ್ನು ಸಾಲಾಗಿ ಅಂಟಿಸಿತ್ತು. 'ಇದು ಮೂರನೇ ಮಹಡಿ.' 'ನಮಗೆ ಇಬ್ಬರು ಮಕ್ಕಳು.' 'ತೊಂಬತ್ತಮೂರು.'

"ತಾತ, ಏನಿದು?"

"ಪರೀಕ್ಷೆಗೆ ಕಣಮ್ಮ," ಎಂದರು ತಾತ, ಸ್ವಲ್ಪ ಅಭಿಮಾನದಿಂದಲೇ. "ಹೋದ ಸಲ ಎಂಟು ದಿನ ಬೆಳಿಗ್ಗೆ ಸಂಜೆ ಓದಿಸಿದ್ದೆ. ಮರೆತಾಗ ನಿಮ್ಮ ಕುರ್ಚಿ ಹಿಂದೆ ನಿಂತು ಬೆರಳಲ್ಲಿ ತೋರಿಸ್ದೆ. ಹದಿನೇಳು ತಗೊಂಡಳು. ಇಪ್ಪತ್ತಕ್ಕೆ ಹದಿನೇಳು! ಆದ್ರೂ ಫೇಲ್ ಮಾಡಿಬಿಟ್ರಿ. ಈ ಸಲ ಇಪ್ಪತ್ತೂ ಬರಬೇಕು ಅಂತ ಈಗಿಂದಾನೇ ಹಿಡಿದಿದೀನಿ."

ಅಕ್ಕ ಕಕ್ಕಾಬಿಕ್ಕಿಯಾದರು. "ಫೇಲ್ ಅಂತ ಯಾರು ಹೇಳಿದ್ರು?"

"ನೆರವಿಲ್ಲ ಅಂತ ಕಾಗದ ಬಂತಲ್ಲ! ಪಾಸಾದವರಿಗೆ ಯಾರಾದ್ರೂ ಇಲ್ಲ ಅಂತಾರಾ?"

ತಾತನದ್ದು ಮೊದ್ದುತನವಲ್ಲ. ಹದಿನೆಂಟನೇ ವಯಸ್ಸಿನಿಂದ ಅವರು ಓಟ, ಗುರಿ, ಕಣ್ಣು, ಎದೆಯಳತೆ ಎಂದು ಒಂದಲ್ಲ ಒಂದು ಪರೀಕ್ಷೆ ಪಾಸಾಗಿಯೇ ಸಂಬಳ ಪಡೆದವರು. ಮೇಲಿನವರು ನೋಡಲು ಬರುತ್ತಾರೆಂದರೆ ಮಂಚದ ಹಾಸಿಗೆಗೂ ಸುಕ್ಕಿರಬಾರದು. ಅಂಥವರ ಮನೆಗೆ ಕಚೇರಿ ಎಂಟು ದಿನ ಮುಂಚೆ ಕಾಗದ ಬರೆದು, ನಿಮ್ಮ ಕಷ್ಟ ನೋಡಲು ಬರುತ್ತೇವೆ ಎನ್ನುತ್ತದೆ! ಕಷ್ಟವನ್ನು ಗುಡಿಸಿ, ಒರೆಸಿ, ಇಸ್ತ್ರಿ ಮಾಡಿ ಅವರು ಕೈಗಿಡುತ್ತಾರೆ. ಇಷ್ಟು ವರ್ಷ ಇದು ಯಾರ ತಲೆಗೂ ಹೊಳೆಯಲಿಲ್ಲವೆಂದರೆ ಹೊಟ್ಟೆ ಉರಿಯುತ್ತದೆ.

"ತಾತ, ಕಡಿಮೆ ಬಂದವರಿಗೇ ಕೊಡೋದು" ಎಂದರು ಅಕ್ಕ.

ತಾತ ಕುರ್ಚಿಯಲ್ಲಿ ಕುಸಿದು, "ಹಾಗಾದ್ರೆ ಎರಡು ವರ್ಷ ತಪ್ಪಿಸಿದ್ದು ನಾನೇನಾ?" ಎಂದರು.

"ನೀವಲ್ಲ. ನಾನು ಫಾರಂ ಮೇಲಿಂದ ತಲೆ ಎತ್ತಲೇ ಇಲ್ಲ. ಒಂದು ಸಲ ಹಿಂದೆ ತಿರುಗಿ ನೋಡಿದ್ದಿದ್ರೆ ನಿಮ್ಮ ಬೆರಳು ಕಾಣ್ತಿತ್ತು. ತಪ್ಪು ನಂದು."

ಅಂದು ಹಾಳೆಗಳನ್ನೆಲ್ಲ ತೆಗೆದಿಟ್ಟು, ತಾತನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಅಕ್ಕ ಪ್ರಶ್ನೆ ಕೇಳಿದರು. ಅಜ್ಜಿಗೆ ಬಂದದ್ದು ನಾಲ್ಕು. ಇನ್ನೇನು, ಆಯಿತು ಎನ್ನುವಾಗ ಇನ್ನೊಂದು ತೊಡಕು ಎದುರಾಯಿತು. ಫಾರಂನ ಕೊನೆಯಲ್ಲಿ ನೋಡಿಕೊಳ್ಳುವವರ ಹೇಳಿಕೆ ಇದೆ, 'ಇದು ನನ್ನೊಬ್ಬನಿಂದ ಆಗುತ್ತಿಲ್ಲ' ಎಂದು. ಅದರ ಕೆಳಗೆ ರುಜು ಬೀಳದಿದ್ದರೆ ಅರ್ಜಿ ತಿರಸ್ಕಾರ, ಇದೇ ಕೊನೆಯ ಅರ್ಜಿ. ತಾತ ಪೆನ್ನು ಕೆಳಗಿಟ್ಟರು.

"ಇದೊಂದು ಆಗಲ್ಲಮ್ಮ. ನಾನು ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಅದರಲ್ಲಿ ಮನೇಲಿದ್ದಿದ್ದು ಎಲ್ಲಾ ಸೇರಿಸಿದ್ರೂ ನಾಲ್ಕು ವರ್ಷ ಆಗಲ್ಲ. ಎರಡು ಹೆರಿಗೆ, ನಮ್ಮಪ್ಪ ಹಾಸಿಗೆ ಹಿಡಿದಿದ್ದು, ಎಲ್ಲಾ ಇವಳೊಬ್ಬಳೇ. ನನಗೆ ಬರೆದ ಒಂದು ಕಾಗದದಲ್ಲೂ ಆಗ್ತಿಲ್ಲ ಅಂದವಳಲ್ಲ. ಈಗ ನಾನು ಬರೀಬೇಕಾ?"

ಅಕ್ಕ ಬೇಡಿಕೊಂಡರು, ಗದರಿದರು, ಹರ್ನಿಯಾ ನೆನಪಿಸಿದರು. ತಾತ ಜಗ್ಗಲಿಲ್ಲ. ಆಗ ಅಜ್ಜಿ ಅಕ್ಕನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಗುಟ್ಟು ಹೇಳುವವರಂತೆ, ಆದರೆ ಕೋಣೆಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು:

"ನೀನು ಇವರ ಆಫೀಸಿನವಳೇನಮ್ಮ? ಇವರನ್ನ ಒಂದು ಸಲ ಮನೆಗೆ ಕಳಿಸು. ಹಗಲೂ ರಾತ್ರಿ ಇಲ್ಲೇ ಕಾಯ್ತಾ ಕೂತಿರ್ತಾರೆ. ಒಳ್ಳೆ ಮನುಷ್ಯ, ಪಾಪ. ಮನೇಲಿ ಇವರ ಹೆಂಡ್ತಿ ದಾರಿ ನೋಡ್ತಾ ಇರ್ತಾಳೆ."

ಅಕ್ಕನಿಗೆ ತಾತನ ಮುಖ ನೋಡುವ ಧೈರ್ಯ ಬರಲಿಲ್ಲ. ಕಾಗದದ ಮೇಲೆ ಪೆನ್ನು ಗೀರಿದ ಸದ್ದು ಮಾತ್ರ ಕೇಳಿಸಿತು. ಐದು ವಾರದಲ್ಲಿ ನೆರವು ಮಂಜೂರಾಯಿತು. ನೋಡಿಕೊಳ್ಳುವಾಕೆ ಈಗ ಬೆಳಿಗ್ಗೆ ಎಂಟಕ್ಕೆ ಬರುತ್ತಾಳೆ. ತಾತನ ಆಪರೇಶನ್ ಆಗಿದೆ. ಆ ದಿನಗಳಲ್ಲಿ ಹಿರಿಯ ಮಗಳು ಬಂದಿದ್ದಳು. ಅಪ್ಪ ಈಗ ಮಧ್ಯಾಹ್ನದವರೆಗೂ ಕಾಲು ಚಾಚಿ ಗೊರಕೆ ಹೊಡೆಯುತ್ತಾರೆಂದು ಅಕ್ಕನಿಗೆ ಫೋನ್ ಮಾಡಿದ್ದಳು.

ಇಷ್ಟಕ್ಕೆ ಸಮಾಧಾನಪಟ್ಟು ಕೂರಬಹುದಿತ್ತು. ಆದರೆ ಅಕ್ಕನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಒಂದು ಮನೆಯಲ್ಲಿ ಹೀಗಾದರೆ ಉಳಿದವು? ಕಡತದ ಕೋಣೆಗೆ ಹೋಗಿ ಧೂಳು ಕೊಡವಿ ಎಣಿಸಿದರು. ಹನ್ನೊಂದು ವರ್ಷದಲ್ಲಿ ತಮ್ಮ ಕೈಯಾರೆ 'ಅಗತ್ಯವಿಲ್ಲ' ಎಂದು ಬರೆದದ್ದು ಇನ್ನೂರ ಹದಿನಾಲ್ಕು ಮನೆಗೆ. ಮುಚ್ಚಿದ ಕಡತವನ್ನು ಯಾಕೆ ಕೆದಕುತ್ತೀರಿ ಎಂದರು ಮೇಲಧಿಕಾರಿ. ಹಾಗಾಗಿ ಭಾನುವಾರಗಳಲ್ಲಿ, ಸ್ವಂತ ಬಸ್ ಚಾರ್ಜಿನಲ್ಲಿ, ಬೆಳಗಿನ ಆರಕ್ಕೆ ಅಕ್ಕ ಒಬ್ಬರೇ ಹೊರಡುತ್ತಾರೆ. ಹದಿನಾಲ್ಕು ತಿಂಗಳಲ್ಲಿ ತೊಂಬತ್ತೇಳು ಮನೆ ಆಗಿದೆ. ನಲವತ್ತರಲ್ಲಿ ಬರೆದದ್ದು ಸರಿಯಾಗಿತ್ತು. ಇಪ್ಪತ್ತಾರು ಮನೆಯವರು ಎರಡನೆಯ ಅರ್ಜಿ ಹಾಕಿ ನೆರವು ಪಡೆದರು. ಮೂವತ್ತೊಂದು ಮನೆಗಳಲ್ಲಿ ಅಕ್ಕ ಯಾರನ್ನು ನೋಡಲು ಹೋಗಿದ್ದರೋ ಅವರೇ ಇರಲಿಲ್ಲ.

ಅಂಥದ್ದೊಂದು ಬಾಗಿಲನ್ನು ಲಾರಿ ಮೆಕ್ಯಾನಿಕ್ ಒಬ್ಬ ತೆರೆದ. ಅಮ್ಮ ತೀರಿಕೊಂಡು ಒಂದೂವರೆ ವರ್ಷವಾಯಿತು ಎಂದ. ಒಳಗೆ ಕರೆದು ಕೂರಿಸಿದ. ದನಿ ಏರಿಸದೆ ಅವನು ಹೇಳಿದ ಮಾತನ್ನು ಅಕ್ಕ ಇಂದಿಗೂ ಅವನ ಶಬ್ದಗಳಲ್ಲೇ ಒಪ್ಪಿಸುತ್ತಾರೆ. "ನೀವು ಬಂದು ಹೋದ್ಮೇಲೆ ಅಪ್ಪ ಹೇಳಿದ್ರು, ಆಫೀಸಿನವರೇ ಬಂದು ನೋಡಿ ಏನೂ ಇಲ್ಲ ಅಂದಿದಾರೆ, ಇವಳು ಬೇಕಂತಲೇ ನಾಟಕ ಮಾಡ್ತಾಳೆ ಅಂತ. ನಾವೂ ನಂಬಿದ್ವಿ ಮೇಡಂ. ಹಾಸಿಗೆ ಒದ್ದೆ ಮಾಡಿಕೊಂಡಾಗೆಲ್ಲ ಬೈತಿದ್ವಿ. ಒಂದೆರಡು ಸಲ ಹೊಡೆದೂ ಬಿಟ್ಟೆ."

ಆ ದಿನ ಮೆಟ್ಟಿಲಿಳಿಯಲಾಗದೆ ಅಕ್ಕ ಅಲ್ಲೇ ಕೂತುಬಿಟ್ಟರು. ಹಿಂದೆಯೇ ಬಂದ ಆ ಮಗನೂ ಎರಡು ಮೆಟ್ಟಿಲು ಮೇಲೆ ಕೂತ. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ. ತಮ್ಮ ಒಂದು ಸಾಲಿನ ಬರಹ ಒಂದು ಮನೆಯೊಳಗೆ ಹೋಗಿ ಏನು ಮಾಡಿತೆಂದು ತಿಳಿದ ಮೇಲೆ ಯಾರಿಗಾದರೂ ಕಾಲು ಏಳುವುದು ಹೇಗೆ? ಆದರೂ ಮುಂದಿನ ಭಾನುವಾರ ಅಕ್ಕ ಮತ್ತೆ ಹೊರಟರು. ಈಗ ಕಚೇರಿಯೂ ಕೊಂಚ ಬಗ್ಗಿದೆ. ಎಂಟು ದಿನ ಮುಂಚಿನ ಕಾಗದ ನಿಂತಿದೆ.

ನಿವೃತ್ತಿಗೆ ಇನ್ನೆರಡು ವರ್ಷ. ಮಂಡಿಯ ಪಟ್ಟಿ ಎರಡೂ ಕಾಲಿಗೆ ಬಂದಿದೆ. ಸನ್ಮಾನದ ಮಾತೆತ್ತಿದರೆ ಮುಖ ಸಿಂಡರಿಸುತ್ತಾರೆ. "ತಪ್ಪು ತಿದ್ದೋಕೆ ಹೊರಟವಳಿಗೆ ಎಂಥ ಶಾಲು? ಸುಮ್ನಿರಿ." ಮತ್ತೇನು ಆಸೆ ಎಂದು ಕೇಳಿದರೆ, ಚೀಲದಿಂದ ಮನೆಗಳ ಪಟ್ಟಿಯ ಹಾಳೆ ತೆಗೆದು ಮುಂದಿನ ವಿಳಾಸದ ಮೇಲೆ ಬೆರಳಿಡುತ್ತಾರೆ.

"ಇನ್ನೂ ನೂರ ಹದಿನೇಳು ಬಾಗಿಲು ಇದೆ. ತಟ್ಟಿದಾಗ ಒಳಗಿಂದ ಯಾರಾದ್ರೂ ಬೈಬೇಕು, ಇಷ್ಟು ಬೆಳಿಗ್ಗೆ ಯಾರ್ರೀ ಅದು, ಮನೇಲಿ ಹುಷಾರಿಲ್ಲದವರು ಮಲಗಿದಾರೆ ಅಂತ. ಅಷ್ಟು ಸಾಕು. ಬೈಸಿಕೊಂಡು ಒಳಗೆ ಹೋಗ್ತೀನಿ."