ಅಪ್ಪ ಮೊಸಳೆ ಕಾಯಲು ಹೊರಟಿದ್ದು

ನಮ್ಮಪ್ಪ ವಿ.ಸಿ. ಫಾರಂನ ಕಬ್ಬಿನ ಗದ್ದೆಗಳಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಕಾಲಡಿಯಲ್ಲಿ ನಾಗರಹಾವು ಹರಿದರೂ ‘ಓಗಪ್ಪ ಅತ್ಲಾಗೆ’ ಎಂದು ದಾರಿ ಬಿಟ್ಟು ನಿಲ್ಲುತ್ತಿದ್ದನಂತೆ. ಇದನ್ನು ಹೇಳಿದವನು ಅವನೇ, ಆದ್ದರಿಂದ ಅರ್ಧ ನಂಬಿದರೆ ಸಾಕು. ಅಂಥ ಧೀರ ಒಂದು ಸಿನಿಮಾ ನೋಡಿ ಮೆತ್ತಗಾಗಿಬಿಟ್ಟ.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬಂದ ಮೊಸಳೆ ಸಿನಿಮಾ ಅದು, ಕನ್ನಡಕ್ಕೆ ಡಬ್ ಮಾಡಿದ್ದರು. ಮೊಸಳೆ ಬಸ್ಸಿನಷ್ಟು ದೊಡ್ಡದಿರಲಿಲ್ಲ, ಹಾರಿ ಹೆಲಿಕಾಪ್ಟರನ್ನೂ ಹಿಡಿಯಲಿಲ್ಲ. ನಮ್ಮೂರ ನಾಲೆಯಂಥದೇ ಮಣ್ಣುಬಣ್ಣದ ನೀರು, ಅದರ ಮೇಲೆ ಎರಡು ಕಣ್ಣು, ಅಷ್ಟೆ. ಹೊಳೆಯ ಪಕ್ಕ ಬಿಡಾರ ಹೂಡಿದ ಸಂಸಾರ. ನೀರು ತರಲು ಒಬ್ಬೊಬ್ಬರೇ ಹೋಗುತ್ತಾರೆ, ಒಬ್ಬೊಬ್ಬರೇ ಮಾಯವಾಗುತ್ತಾರೆ. ಅಪ್ಪ ಮೊದಮೊದಲು ಮೊಸಳೆಯ ನಡಿಗೆ ಸರಿಯಿಲ್ಲ ಎಂದು ತಪ್ಪು ಹುಡುಕಿದ. ಆಮೇಲೆ, ಜೊತೆಯಾಗಿ ಹೋಗಲು ಇವಕ್ಕೇನು ರೋಗ ಎಂದು ಜನರ ಮೇಲೆ ರೇಗಿದ. ಕೊನೆಗೆ ಹೆಂಗಸೊಬ್ಬಳು ಬಕೆಟ್ಟು ಹಿಡಿದು ನೀರಿಗೆ ಬಗ್ಗಿದಾಗ ತನ್ನೆರಡು ಕಾಲನ್ನೂ ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡ. ಯಲಿಯೂರಿನ ನಮ್ಮ ನಡುಮನೆಗೆ ಮೊಸಳೆ ಎಲ್ಲಿಂದ ಬರಬೇಕೋ, ದೇವರೇ ಬಲ್ಲ.

ಮಾರನೆಯ ಬೆಳಗ್ಗೆಯೇ ಕಾನೂನು ಜಾರಿಯಾಯಿತು. ಅವ್ವ ಬಟ್ಟೆ ಒಗೆಯಲು ನಾಲೆಗೆ ಹೋಗಕೂಡದು, ಮನೆಯಲ್ಲಿ ಮಿಷಿನ್ ಇದೆ. ಮಿಷಿನ್ ತಂದವಳು ನಾನು. ಅವ್ವ ಅದಕ್ಕೆ ಹಳೆ ಸೀರೆಯ ಮುಸುಕು ಹೊದಿಸಿ ಮೇಲೆ ಹುಣಸೆಹಣ್ಣಿನ ಡಬ್ಬ ಇಟ್ಟಿದ್ದಳು. ಅವಳಿಗೆ ನಾಲೆಯೇ ಬೇಕು. ತಿಂಡಿ ಮುಗಿಸಿ ಹೋದರೆ ಮುದ್ದೆಯ ಹೊತ್ತಿಗೇ ವಾಪಸ್ಸು. ಬೀದಿಯ ಹೆಂಗಸರೆಲ್ಲ ಅಲ್ಲಿ ಸೇರಿ ಬಟ್ಟೆಗಿಂತ ಹೆಚ್ಚಾಗಿ ನಮ್ಮ ಮಾನ ಒಗೆಯುತ್ತಾರೆ ಎಂದು ಅಪ್ಪ ಆಡಿಕೊಳ್ಳುತ್ತಿದ್ದ, ನಾನೂ ನಗುತ್ತಿದ್ದೆ. ಬೆಳಗ್ಗೆ ಬಸ್ಸು ಹತ್ತಿ ಮಳವಳ್ಳಿಯ ಸ್ಕೂಲಿಗೆ ಪಾಠ ಮಾಡಲು ಹೋದರೆ ನಾನು ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ನಾಲೆಯ ಸಮಾಚಾರ ನನಗೇನು ಗೊತ್ತು?

ಈ ಕಾನೂನು ಕಿವಿಗೆ ಬಿದ್ದದ್ದೇ ಅವ್ವ ನನ್ನ ಕಡೆ ತಿರುಗಿದಳು. “ಅದೊಂದನ್ನ ಮಾತ್ರ ಬುಡಾಕಿಲ್ಲ ಕಣಮ್ಮ. ನಿಮ್ಮಪ್ಪಂಗೆ ಯೋಳು.”

ಆ ‘ನಿಮ್ಮಪ್ಪ’ ಅಲ್ಲೇ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದ. ಅವರಿಬ್ಬರ ಮಾತುಕತೆ ಎಷ್ಟೋ ವರ್ಷದಿಂದ ಹೀಗೆಯೇ, ನಡುವೆ ನಾನೊಂದು ಪೋಸ್ಟಾಫೀಸು.

ಅಷ್ಟರಲ್ಲಿ ಮಾರಲಮಿ ಹಬ್ಬ ಬಂತು. ಹಿರಿಯರಿಗೆ ಎಡೆ ಇಡುವ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯುವುದು ನಮ್ಮಲ್ಲಿ ಪದ್ಧತಿ. ಅವ್ವ ಜಮಖಾನ ಗಂಟು ಕಟ್ಟಿ ತಲೆಯ ಮೇಲಿಟ್ಟು ಹೊರಟೇಬಿಟ್ಟಳು. ಅಪ್ಪ ಬಾಗಿಲ ಹಿಂದಿನ ಕೋಲು ತೆಗೆದುಕೊಂಡು, ಮೊಸಳೆ ಬಂದರೆ ಕಾಯಬೇಕಲ್ಲ ಎಂದು ಹಿಂದೆಯೇ ನಡೆದ. ನನಗೂ ಅಂದು ರಜೆ. ಇಂಥ ತಮಾಷೆ ಬಿಟ್ಟುಕೊಡಲು ನಾನೇನು ಹುಚ್ಚಿಯೇ? ಸೋಪಿನ ಬಕೆಟ್ಟು ಹಿಡಿದು ಜೊತೆಗೆ ಹೋದೆ.

ನಾಲೆ ತುಂಬಿ ಹರಿಯುತ್ತಿತ್ತು. ಒಗೆಯುವ ಕಲ್ಲುಗಳು ಸಾಲಾಗಿದ್ದವು. ಅವ್ವನ ಕಲ್ಲು ಬಿಟ್ಟರೆ ಉಳಿದವೆಲ್ಲ ಪಾಚಿ ಹಿಡಿದು ಹಸಿರಾಗಿದ್ದವು. ಒಂದು ನರಪಿಳ್ಳೆಯೂ ಇರಲಿಲ್ಲ. ಅಪ್ಪ ನೀರು ನೋಡುವುದನ್ನು ಬಿಟ್ಟು ಕಲ್ಲು ನೋಡಿದ. ಆಮೇಲೆ, ನನ್ನ ಮೂಲಕವಲ್ಲ, ನೇರವಾಗಿ ಅವ್ವನನ್ನೇ ಕೇಳಿದ.

“ಎಲ್ಲೋದ್ರಮ್ಮಿ ಎಲ್ರೂವೆ?”

“ಎಲ್ಲಾರ ಮನೇಲೂ ಮಿಸಿನ್ ಬಂದದೆ. ಯಾರ್ ಬತ್ತಾರೆ?”

“ಮತ್ತೆ ಮದ್ಯಾನಗಂಟ ಯಾರ ಕೂಡ ಮಾತಾಡ್ತಿದ್ದೆ ನೀನು?”

ಅವ್ವ ಜಮಖಾನಕ್ಕೆ ಸೋಪು ಹಚ್ಚುತ್ತಲೇ ಇದ್ದಳು. “ಒಗ್ದಾಕಿ ಸುಮ್ನೆ ಕುಂತಿರ್ತೀನಿ. ನೀರಾದ್ರೂ ಸದ್ದು ಮಾಡ್ತದೆ. ಮನೇಲಿ ಯಾರ್ ಮಾತಾಡ್ತಾರೆ?”

ನಗಲು ಬಂದವಳು ಬಕೆಟ್ಟು ಕೆಳಗಿಟ್ಟೆ. ಸಿನಿಮಾದಲ್ಲಿ ನೀರಿಗೆ ಒಬ್ಬೊಬ್ಬರೇ ಹೋದವರನ್ನು ಬಾಯಿಗೆ ಬಂದಂತೆ ಬೈದಿದ್ದ ಅಪ್ಪನಿಗೆ ಈಗ ಬೈಯಲು ಯಾರೂ ಸಿಗಲಿಲ್ಲ.

ನೆನೆದ ಜಮಖಾನ ಒಬ್ಬರ ಕೈಗೆ ಹಿಂಡಲು ಬಗ್ಗುವುದಿಲ್ಲ. ಅವ್ವ ಅದನ್ನು ಕಲ್ಲಿನ ಮೇಲೆ ಎಳೆದಾಡುತ್ತಿದ್ದಳು. ಅಪ್ಪ ಕೋಲು ಎಸೆದು, ಪಂಚೆ ಎತ್ತಿ ಕಟ್ಟಿ, ಮೊಸಳೆಯ ನೆನಪೇ ಇಲ್ಲದೆ ನೀರಿಗಿಳಿದ. ಜಮಖಾನದ ಇನ್ನೊಂದು ತುದಿ ಹಿಡಿದು ತಿರುಗಿಸಿದ. ಅವ್ವ ತಿರುಗಿಸಿದ ದಿಕ್ಕಿಗೇ ಅವನೂ ತಿರುಗಿಸಿದ್ದರಿಂದ ಅದು ಸುಮ್ಮನೆ ಉರುಳಿತೇ ಹೊರತು ಒಂದು ತೊಟ್ಟು ನೀರೂ ಬರಲಿಲ್ಲ. ಇಷ್ಟು ವರ್ಷ ಫಾರಂನಲ್ಲಿ ಅದೇನು ಕೆಲಸ ಮಾಡಿದನೋ ಎಂದು ಅವ್ವ ಅವನ ಮುಖಕ್ಕೇ ಹೇಳಿದಳು. ಪೋಸ್ಟಾಫೀಸಿಗೆ ಅಂದು ರಜೆ.

ಅಂದಿನಿಂದ ಅಪ್ಪ ದಿನವೂ ಮೊಸಳೆ ಕಾಯಲು ಹೋಗುತ್ತಾನೆ. ಇಬ್ಬರೂ ಬರುವುದು ಮುದ್ದೆಯ ಹೊತ್ತಿಗೇ. ಈಗ ಬೇಸಿಗೆ. ನಾಲೆಯಲ್ಲಿ ಮೊಣಕಾಲುದ್ದ ನೀರಿದೆ, ತಳದ ಕಲ್ಲು ಕಾಣುತ್ತದೆ, ಮೊಸಳೆಯಿರಲಿ ಏಡಿಗೂ ಅಡಗಲು ಜಾಗವಿಲ್ಲ. ಆದರೂ ಅವ್ವ ಗಂಟು ಎತ್ತಿದರೆ ಸಾಕು, ಮೊಸಳೆ ಬತ್ತದೆ ಎಂದು ಅಪ್ಪ ಎದ್ದು ಹೊರಡುತ್ತಾನೆ. ಕೋಲು ಬಾಗಿಲ ಹಿಂದೆಯೇ ಇರುತ್ತದೆ.