ನಾಲ್ಕು ಖಾಲಿ ಮನೆಗಳು

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಏಳನೆಯ ಜಮಾತಿನ, ಅಂದರೆ ಏಳನೆಯ ತರಗತಿಯ, ನಡುವೆ. ಯಾರೂ ಓಡಿಸಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಸುರಪುರದಲ್ಲಿ ಅಂಗಡಿ ಬೋರ್ಡು ಬರೆಯುವವನು; ಅವನ ಕೈಗೆ ಬರುತ್ತಿದ್ದುದು ಉರ್ದು ಅಕ್ಷರ ಮಾತ್ರ. ನಿಜಾಮನ ಆಳ್ವಿಕೆ ಹೋಗಿ, ಅಂಗಡಿಯವರೆಲ್ಲ ಕನ್ನಡದ ಬೋರ್ಡು ಕೇಳತೊಡಗಿದರು. ದೋರನಹಳ್ಳಿಯ ಅಯ್ಯನವರ ಹತ್ತಿರ ಕನ್ನಡ ತಿದ್ದಿದ ಕೈ ಮನೆಯಲ್ಲಿ ನನ್ನದೊಂದೇ. ಅಪ್ಪ ಕುಂಚ ಕೊಟ್ಟ, ನಾನು ಪಾಟಿ ಕೆಳಗಿಟ್ಟೆ.

ಮೊನ್ನೆ ಮೊಮ್ಮಗಳ ವಿಜ್ಞಾನದ ಪುಸ್ತಕ ಬಿಚ್ಚಿದೆ. ಹೊಸ ಕಾಗದದ ವಾಸನೆ ಬರಬೇಕಿತ್ತು. ನನ್ನ ಮೂಗಿಗೆ ಬಡಿದದ್ದು ಅಗಸೆ ಎಣ್ಣೆ ಬೆರೆಸಿದ ಬಣ್ಣ. ಯಾಕೆಂದರೆ ಆ ಪುಟದಲ್ಲಿ ಮೂಲವಸ್ತುಗಳ ಪಟವಿತ್ತು, ನಾನೊಮ್ಮೆ ಗೋಡೆಯ ಮೇಲೆ ಬರೆದ ಪಟ.

ಶಾಲೆ ಬಿಟ್ಟ ಕೆಲವು ತಿಂಗಳಿಗೆ ಅದೇ ಶಾಲೆಯ ಕರೀಮ್ ಮಾಸ್ತರು ಕರೆಸಿದರು. ಪಾಠ ಕನ್ನಡಕ್ಕೆ ತಿರುಗಿತ್ತು. ಉರ್ದುವಿನ ಹಳೆಯ ಪಟವನ್ನು ಅವರು ಓದಿ ಹೇಳುವುದು, ನಾನು ಗೋಡೆಗೆ ಕನ್ನಡದಲ್ಲಿ ಬರೆಯುವುದು. ಎದೆ ಸೆಟೆಸಿಕೊಂಡೇ ಹೋದೆನೆನ್ನಿ. ಈಗ ನಾನು ಹುಡುಗನಲ್ಲ, ಕಸಬುದಾರ! ಚಿನ್ನ, ಬೆಳ್ಳಿ, ಸೀಸ, ಪಾದರಸ, ಗಂಧಕ ಎಂದು ಕಿರಾಣಿ ಸಾಮಾನಿನಂತೆ ಬರೆಯುತ್ತ ಹೋದೆ. ಕೊನೆಗೆ ಪಟದ ಚೌಕಗಳಲ್ಲಿ ನಾಲ್ಕು ಮನೆ ಖಾಲಿ ಉಳಿದವು. ಮಾಸ್ತರು ನಮಾಜಿಗೆ ಹೋಗಿದ್ದರು. ಹಳೆಯ ಪಟದಲ್ಲಿ ಅಕ್ಷರ ಅಳಿಸಿರಬೇಕೆಂದುಕೊಂಡು, ನಾಲ್ಕಕ್ಕೂ ಒಂದೊಂದು ಗುಲಾಬಿ ಬಿಡಿಸಿದೆ. ನನ್ನ ಗುಲಾಬಿಗೆ ಊರಲ್ಲಿ ಹೆಸರಿತ್ತು, ಹೇಳಿಕೊಳ್ಳಬಾರದು.

“ಇದೇನೋ?” ಎಂದರು ಮಾಸ್ತರು, ಬಂದವರೇ.

“ಹೂವ್ರಿ. ಜಾಗಾ ಖಾಲಿ ಬಿಟ್ರ ಪೇಂಟರ್ ಮೈಗಳ್ಳ ಅಂತಾರ್ರಿ ಮಂದಿ.”

ಹೊಟ್ಟೆ ಹಿಡಿದು ನಕ್ಕರು. “ಖಾಲಿ ಅಲ್ಲಪಾ ಅವು. ಅಲ್ಲಿರೋರು ಇನ್ನಾ ಬಂದಿಲ್ಲ.”

ರಷ್ಯಾದ ಒಬ್ಬ ಪಂಡಿತ ಇಂಥ ಪಟ ಮಾಡುವಾಗ ಯಾರೂ ಕಾಣದ ವಸ್ತುಗಳಿಗೆ ಮನೆ ಬಿಟ್ಟನಂತೆ. ತೂಕ ಇಷ್ಟು, ಗುಣ ಇಂಥದು ಎಂದು ಮೊದಲೇ ಹೇಳಿದನಂತೆ. ಹೆಸರನ್ನೂ ಇಟ್ಟನಂತೆ: ಅಲ್ಯೂಮಿನಿಯಂ ಕೆಳಗಿನ ಮನೆಗೆ ಏಕ-ಅಲ್ಯೂಮಿನಿಯಂ. ನಮ್ಮ ಸಂಸ್ಕೃತದ ಏಕ!

“ಕೂಸು ಹುಟ್ಟೂದಕ ಮೊದ್ಲ ಕುಲಾಯಿ ಹೊಲಿಸ್ದಂಗಾತಲ್ರಿ,” ಎಂದೆ.

“ಹೊಲಿಸ್ದ. ಹದಿನೈದು ವರ್ಷದಾಗ ಮೂರು ಕೂಸು ಹುಟ್ಟಿದ್ವು, ಕುಲಾಯಿ ಬರಾಬರ್ ಕುಂತ್ವು.” ಆಮೇಲೆ ದನಿ ತಗ್ಗಿಸಿದರು. “ಹಾಜರಿ ಪುಸ್ತಕದಾಗ ನಿನ್ನ ಹೆಸರ ಹೊಡದಿಲ್ಲ ನಾ. ಆ ಮನಿ ಹಂಗ ಬಿಟ್ಟೀನಿ. ಮುಂಜಾನಿ ಸಾಲಿಗಿ ಬಾ, ಮಧ್ಯಾಹ್ನ ಬೋರ್ಡ್ ಬರಿ.”

ಹೂಂ ಎಂದಿದ್ದರೆ ಮುಗಿದಿತ್ತು. “ನಾ ದುಡಿಯೋ ಮನುಷ್ಯಾ ಅದೀನ್ರಿ,” ಎಂದೆ. ಸೀಮೆಎಣ್ಣೆಯ ಅರಿವೆಯಿಂದ ಗುಲಾಬಿ ಒರೆಸಿ, ನಾಲ್ಕೂ ಮನೆ ಬೆಳ್ಳಗೆ ಮಾಡಿ ಬಂದುಬಿಟ್ಟೆ.

ಮುಂದೆ ದಿನಾಲು ಏಣಿ ಹೊತ್ತು ಅದೇ ಶಾಲೆಯ ಮುಂದೆ ಹಾಯುತ್ತಿದ್ದೆ, ಒಳಗೆ ಕಾಲಿಡಲಿಲ್ಲ. ಬೇಸಿಗೆಗೆ ಮಾಸ್ತರಿಗೆ ಯಾದಗಿರಿಗೆ ವರ್ಗವಾಯಿತು. ಹೊಸಬರು ನನ್ನ ಹೆಸರು ಹೊಡೆದರೆಂದು ಗೆಳೆಯನೊಬ್ಬ ಹೇಳಿದ. ಅಂದು ಶಹಾಪುರದ ಒಂದು ಬೋರ್ಡಿನಲ್ಲಿ, ಜನ್ಮದಲ್ಲಿ ಒಂದೇ ಸಲ, ಅಕ್ಷರ ತಪ್ಪಿದೆ.

ಮೊಮ್ಮಗಳ ಪಟದಲ್ಲಿ ಒಂದೂ ಮನೆ ಖಾಲಿಯಿಲ್ಲ. “ಎಲ್ಲಾ ಸಿಕ್ಕಾವ ಮುತ್ಯಾ,” ಎಂದಳು. ನನ್ನ ನಾಲ್ಕೂ ನಾನು ಗೋಡೆ ಬರೆಯುವ ಹೊತ್ತಿಗಾಗಲೇ ಎಲ್ಲೆಲ್ಲೋ ಸಿಕ್ಕಿದ್ದವಂತೆ. ಸುದ್ದಿ ನಮ್ಮ ಗೋಡೆಗೆ ಮುಟ್ಟಿರಲಿಲ್ಲ, ಅಷ್ಟೇ. ಪೆನ್ಸಿಲು ಇಸಿದುಕೊಂಡು ಕೊನೆಯ ಸಾಲಿನ ಕೆಳಗೆ ಒಂದು ಮನೆ ಗೀರಿದೆ. ಮೂಲೆ ನಾಲ್ಕೂ ನೆಟ್ಟಗೆ ಬಂದವು.

“ಇದು ಯಾರಿಗಿ ಮುತ್ಯಾ?”

“ಬರೋರಿಗಿ.”

ಈಗ ನನ್ನ ಹತ್ತಿರ ಇರುವುದು ಇಷ್ಟು: ಏಣಿ ಎರಡು, ಕುಂಚ ಹನ್ನೊಂದು, ಜಮಾತು ಆರೂವರೆ, ಖಾಲಿ ಮನೆ ಒಂದು.