ಅಕ್ಕನ ಹಿತ್ತಲಿನ ಕಸ

ಒಂದು ಮಾತು ಕೇಳಬೇಕಿತ್ತು, ನಾನು ಕೇಳಲಿಲ್ಲ.

ಅಕ್ಕ ಕತೆ ಬರೆಯುವವಳು. ಆಳಂದದ ನಮ್ಮ ಮನೆಯ ಹಿತ್ತಲಲ್ಲಿ ತುಂಬೆ, ಉತ್ತರಾಣಿ ಮೊಣಕಾಲೆತ್ತರ ಬೆಳೆದಿದ್ದವು. ಅವುಗಳ ನಡುವೆ ಮಣೆ ಹಾಕಿಕೊಂಡು ಕುಳಿತರಷ್ಟೇ ಅವಳಿಗೆ ನೆಮ್ಮದಿ, ಅಲ್ಲಷ್ಟೇ ಬರವಣಿಗೆ. ಚಹಾಕ್ಕೆ ಕರೆದರೆ ಪೆನ್ನು ಎತ್ತಿ, "ತಡಿಯೋ ತಮ್ಮಾ, ಇನ್ನಾ ಮುಗಿದಿಲ್ಲ" ಅನ್ನುತ್ತಿದ್ದಳು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಹೊಲ ಹಿಡಿದವನು. ಅವಳು ಅಫಜಲಪುರಕ್ಕೆ ಹೋದ ದಿನ, ಉಪಕಾರವೆಂದೇ ತಿಳಿದು, ಕುರ್ಪಿ ಹಿಡಿದು ಹಿತ್ತಲನ್ನೆಲ್ಲ ಹಸನು ಮಾಡಿದೆ. ಸಂಜೆ ಬಂದವಳು ಬಾಗಿಲಲ್ಲೇ ನಿಂತಳು.

"ಕಸ ಭಾಳ ಬೆಳ್ದಿತ್ತಕ್ಕಾ" ಅಂದೆ.

"ನಾನೇ ಬೆಳ್ಸಿದ್ದೆ. ಒಂದು ಕಡ್ಡಿನೂ ಬಿಟ್ಟಿಲ್ಲಲ್ಲೋ, ಭಾರೀ ರೈತ ಆದಿ ನೋಡು!"

ಮರುದಿನ ಅವಳು ಬರಿ ಮಣ್ಣಿಗೆ ತಂಬಿಗೆಯಿಂದ ನೀರು ಚಿಮುಕಿಸಿ, ಅದೇ ಮಣೆಯ ಮೇಲೆ ಕುಳಿತಳು. ಬಿತ್ತದ ನೆಲಕ್ಕೆ ನೀರು ಹಾಕಿದವರನ್ನು ನಾನು ಕಂಡೇ ಇರಲಿಲ್ಲ. ದಿನವೂ ಹಾಗೆಯೇ ಕುಳಿತಳು. ತೊಡೆಯ ಮೇಲಿನ ಬರೆಯುವ ವಹಿ ಖಾಲಿಯೇ ಇತ್ತು. ಹದಿನೈದು ದಿನಕ್ಕೆ ಆ ನೆಲದಿಂದ, ನಾನು ಬಿತ್ತಿದ ಯಾವ ತೊಗರಿಯಲ್ಲೂ ಕಾಣದ ಹಸಿರು ಎದ್ದಿತು. ಅವತ್ತು ಚಹಾಕ್ಕೆ ಕರೆದೆ. ಪೆನ್ನು ಮೇಲೆದ್ದಿತು. "ತಡಿಯೋ ತಮ್ಮಾ..."

ಚಿಗುರು ತುಳಿಯದಂತೆ ಹೆಜ್ಜೆ ಇಟ್ಟು, ಹತ್ತಿರ ಹೋಗಿ ಕುಳಿತೆ.

"ತಪ್ಪಾತಕ್ಕಾ" ಅಂದೆ. "ಅದು ಕಸ ಅಲ್ಲ."